ಟ್ಯೂಷನ್ನಾ, ಸ್ಕೂಲಾ? ಮೊದಲು ಬೇಸಿಕ್ ಎಷ್ಟು ಅಂತ ಕೇಳಿ

ದಾವಣಗೆರೆಯ ತಂಗಿಗೆ ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ಎಂ.ಎ. ಇಂಗ್ಲಿಷ್, ಬಿ.ಎಡ್. ಆಗಿದೆ, ಹೈಸ್ಕೂಲಿನಲ್ಲಿ ಪಾಠ ಮಾಡಿದ ಅನುಭವ ಇದೆ. ಯಜಮಾನರಿಗೆ ದುಬೈನಲ್ಲಿ ಕೆಲಸ, ಮನೆ ಮಾಡುವುದು ಶಾರ್ಜಾದಲ್ಲಿ, ಮಗಳಿಗೆ ಐದು ವರ್ಷ. "ಅಕ್ಕಾ, ಸ್ಕೂಲಿಗೆ ಸೇರಲಾ, ಮನೆಯಲ್ಲೇ ಟ್ಯೂಷನ್ ಮಾಡಲಾ? ಟ್ಯೂಷನ್‌ನಲ್ಲಿ ಸ್ಕೂಲಿನ ಎರಡರಷ್ಟು ಬರುತ್ತಂತೆ, ನಿಜಾನಾ?" ಅಂತ ಕೇಳಿದ್ದೀರಿ. ಜೊತೆಗೆ ಬಿಸಿಲು, ಖರ್ಚು, ಊಟ, ಕನ್ನಡದವರು ಸಿಗ್ತಾರಾ ಅಂತಲೂ.

ಕೊನೆಯವನ್ನು ಬೇಗ ಮುಗಿಸಿಬಿಡುತ್ತೇನೆ. ಬಿಸಿಲು ನಿಮಗೆ ಹೊಸದಲ್ಲ, ಆದರೆ ಇಲ್ಲಿನದು ಬೆವರಿನ ಬಿಸಿಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು ಹೊರಗೆ ಓಡಾಡುವ ಯೋಚನೆ ಬಿಡಿ. ಬಾಡಿಗೆ ಶಾರ್ಜಾದಲ್ಲಿ ಕಡಿಮೆ, ಅದಕ್ಕೆ ಬದಲಾಗಿ ನಿಮ್ಮ ಯಜಮಾನರು ಬೆಳಿಗ್ಗೆ ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್‌ನಲ್ಲಿ ಕೂರುತ್ತಾರೆ. ಜೋಳದ ಹಿಟ್ಟು, ರಾಗಿ ಹಿಟ್ಟು, ಎಳೆ ಬದನೆಕಾಯಿ ಎಲ್ಲಾ ಸಿಗುತ್ತೆ. ಕನ್ನಡದವರು ಬೇಕಾದಷ್ಟು ಇದ್ದಾರೆ. ನವೆಂಬರ್ ಬಂದರೆ ಯಾವ ರಾಜ್ಯೋತ್ಸವಕ್ಕೆ ಹೋಗುವುದು ಅನ್ನುವುದೇ ಸಮಸ್ಯೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ.

ನಾನು ಪುತ್ತೂರಿನವಳು. 2008ರಲ್ಲಿ ಮಂಗಳೂರಿನಿಂದ ವಿಮಾನ ಹತ್ತಿದಾಗ ನನ್ನ ಹತ್ತಿರ ಡಿಗ್ರಿ ಸರ್ಟಿಫಿಕೇಟ್ ಇತ್ತು, ಪ್ಲಾಸ್ಟಿಕ್ ಕವರ್‌ನಲ್ಲಿ, ಒಂದು ಮಡಿಕೆ ಬೀಳದ ಹಾಗೆ ಇಟ್ಟುಕೊಂಡಿದ್ದೆ. ಅದರ ಹಿಂದೆ ಒಂದೂ ಮುದ್ರೆ ಇರಲಿಲ್ಲ. ಸರ್ಟಿಫಿಕೇಟ್ ಅಸಲಿ ಅಂತ ಸರ್ಕಾರದವರು ಮುದ್ರೆ ಹಾಕುವ ಅಟೆಸ್ಟೇಷನ್ ಅಂತ ಒಂದು ಇದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಯುಎಇ ರಾಯಭಾರ ಕಚೇರಿಯದ್ದು, ಕೊನೆಗೆ ಇಲ್ಲಿನ ವಿದೇಶಾಂಗ ಇಲಾಖೆಯದ್ದು. ಇಷ್ಟು ಆಗದೆ ನೀವು ಇಲ್ಲಿ ಕಾಗದದ ಮೇಲೆ ಟೀಚರ್ ಅಲ್ಲ. ಊರಿಗೆ ಹೋಗುವವರ ಕೈಯಲ್ಲಿ ಒರಿಜಿನಲ್ ಕಳಿಸಿ, ಅದು ವಾಪಸ್ ಬರುವವರೆಗೆ ನನಗೆ ನಿದ್ದೆ ಬಂದಿಲ್ಲ. ನೀವು ಊರಿನ ಕಡೆಯ ಮುದ್ರೆ ಎಲ್ಲಾ ಮುಗಿಸಿಕೊಂಡೇ ಬನ್ನಿ. ಬಿ.ಎಡ್.ದೂ ಸೇರಿಸಿ.

ಆ ಮುದ್ರೆಗಳು ಇಲ್ಲದ ಸಮಯದಲ್ಲೇ ನನಗೆ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಹೆಸರು ಬೇಡ. ನಾನು ಗಂಡನ ವೀಸಾದಲ್ಲಿ ಇದ್ದೆ. "ಈಗ ಅಸಿಸ್ಟೆಂಟ್ ಅಂತ ಹಾಕಿರ್ತೀವಿ, ಪೇಪರ್ ಬಂದಮೇಲೆ ಟೀಚರ್ ಅಂತ ಬದಲಾಯಿಸ್ತೀವಿ" ಅಂದರು. ಆರು, ಏಳನೇ ಕ್ಲಾಸಿನ ಇಂಗ್ಲಿಷ್ ಪೂರ್ತಿ ನನ್ನದೇ. ಗ್ರಾಮರ್, ಕಾಂಪೋಸಿಷನ್, ಪ್ರಶ್ನೆಪತ್ರಿಕೆ, ಪೇರೆಂಟ್ಸ್ ಮೀಟಿಂಗು, ಆನ್ಯುವಲ್ ಡೇ ನಾಟಕ. ನೋಟ್‌ಬುಕ್‌ಗಳನ್ನು ಸೂಪರ್ ಮಾರ್ಕೆಟ್‌ನ ಚೀಲದಲ್ಲಿ ತುಂಬಿಕೊಂಡು ಮನೆಗೆ ತರುತ್ತಿದ್ದೆ, ಅವು ಊಟದ ಟೇಬಲ್ ಬಿಟ್ಟು ಇಳಿದದ್ದೇ ಇಲ್ಲ. ಮುದ್ರೆ ಬಿದ್ದ ಸರ್ಟಿಫಿಕೇಟ್ ಬಂತು, ಆಫೀಸಿಗೆ ಕೊಟ್ಟೆ. "ಮುಂದಿನ ರಿನ್ಯೂವಲ್‌ಗೆ ಮಾಡೋಣ" ಅಂದರು. ರಿನ್ಯೂವಲ್ ಆಯಿತು, ಹುದ್ದೆ ಬದಲಾಗಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮತ್ತೆ ಮತ್ತೆ ಕೇಳುವುದು ಅಂದರೆ ಸಂಕೋಚ ಅಲ್ವಾ? ನಿಮಗೂ ಗೊತ್ತಿರುವುದೇ.

ಅಲ್ಲಿಂದ ಬಿಟ್ಟು ಇನ್ನೊಂದು ಶಾಲೆಗೆ ಹೋದಾಗ ಅನುಭವ ಪತ್ರದಲ್ಲಿ ಅಸಿಸ್ಟೆಂಟ್ ಅಂತಲೇ ಬಂತು. ಹೊಸ ಶಾಲೆಯ ಎಚ್‌ಆರ್ ಹುಡುಗಿ ಒಳ್ಳೆಯವಳು. ಪತ್ರವನ್ನು ಎರಡು ಸಲ ಓದಿ, "ಮೇಡಂ, ಇದರಲ್ಲಿ ಟೀಚಿಂಗ್ ಅಂತ ಎಲ್ಲೂ ಇಲ್ವಲ್ಲ" ಅಂದಳು. ನನ್ನನ್ನು ಆವತ್ತೇ ಕಾಲೇಜು ಮುಗಿಸಿ ಬಂದವಳ ಸಂಬಳಕ್ಕೆ ಕೂರಿಸಿದರು. ಈಗ ನಾನು ಮೊದಲ ಶಾಲೆಯಲ್ಲಿ ಕಲಿಸಿದ ಹುಡುಗರಲ್ಲಿ ಒಬ್ಬ ಲಂಡನ್ನಿನಲ್ಲಿ ವಕೀಲ, ಇನ್ನೊಬ್ಬಳು ಇಲ್ಲೇ ದೊಡ್ಡ ಕಂಪನಿಯಲ್ಲಿ ಜಾಹೀರಾತು ಬರೆಯುತ್ತಾಳೆ. ಮಾಲ್‌ನಲ್ಲಿ ಸಿಕ್ಕರೆ "ಮಿಸ್!" ಅಂತ ಕೂಗಿಕೊಂಡು ಬರುತ್ತಾರೆ. ಪತ್ರದಲ್ಲಿ ಮಾತ್ರ ನಾನು ಅವರಿಗೆ ಪಾಠವನ್ನೇ ಮಾಡಿಲ್ಲ. ಇಷ್ಟು ವರ್ಷ ಆದರೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತೆ.

ಅದಕ್ಕೇ ಹೇಳುವುದು, ಆಫರ್ ಲೆಟರ್ ಬಂದಾಗ ಕೆಳಗಿನ ಒಟ್ಟು ಮೊತ್ತ ನೋಡಿ ಖುಷಿಪಡಬೇಡಿ. ಎರಡು ಸಾಲು ನೋಡಿ. ಹುದ್ದೆ ಏನು ಅಂತ ಬರೆದಿದ್ದಾರೆ, ಬೇಸಿಕ್ (ಅಲೋವೆನ್ಸ್ ಬಿಟ್ಟ ಮೂಲ ಸಂಬಳ) ಎಷ್ಟು. ಇಲ್ಲಿ ಪಿ.ಎಫ್. ಇಲ್ಲ, ಪೆನ್ಷನ್ ಇಲ್ಲ. ಬಿಟ್ಟು ಹೋಗುವಾಗ ಕೈಗೆ ಬರುವುದು ಗ್ರಾಚ್ಯುಟಿ ಒಂದೇ. ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಆಮೇಲಿನ ವರ್ಷಗಳಿಗೆ 30 ದಿನದ್ದು. ಒಂದು ವರ್ಷ ತುಂಬದಿದ್ದರೆ ಏನೂ ಇಲ್ಲ. ಎರಡು ಶಾಲೆ ನಿಮಗೆ ತಲಾ 4,000 ದಿರ್ಹಮ್ ಕೊಡುತ್ತೇವೆ ಅಂದವು ಅಂತ ಇಟ್ಟುಕೊಳ್ಳಿ. ಒಂದರಲ್ಲಿ ಬೇಸಿಕ್ 1,600, ಉಳಿದದ್ದೆಲ್ಲ ಅಲೋವೆನ್ಸ್. ಇನ್ನೊಂದರಲ್ಲಿ ಬೇಸಿಕ್ 2,800. ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವುದು ಒಂದೇ. 5 ವರ್ಷ ಆದಮೇಲೆ ಮೊದಲನೆಯದರಲ್ಲಿ 5,600, ಎರಡನೆಯದರಲ್ಲಿ 9,800. ಸಹಿ ಹಾಕುವಾಗ ಇದನ್ನು ಯಾರೂ ನಿಮಗೆ ಕೂಡಿಸಿ ತೋರಿಸುವುದಿಲ್ಲ.

ಒಂದು ಒಳ್ಳೆಯದಾಗಿದೆ. ನಮ್ಮ ಕಾಲದಲ್ಲಿ ಅವಧಿ ಇಲ್ಲದ ಕಾಂಟ್ರಾಕ್ಟ್‌ನಲ್ಲಿದ್ದು ಮೂರು ವರ್ಷದ ಒಳಗೆ ನೀವಾಗಿ ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿಯ ಮೂರನೇ ಒಂದು ಪಾಲು ಮಾತ್ರ ಕೊಡುತ್ತಿದ್ದರು. 2022ರ ಫೆಬ್ರವರಿಯಲ್ಲಿ ಹೊಸ ಕಾರ್ಮಿಕ ಕಾನೂನು ಬಂದಮೇಲೆ ಆ ಕಡಿತ ಹೋಯಿತು. ಗಂಡನ ವೀಸಾದಲ್ಲಿದ್ದೀರಿ ಅಂತ ಗ್ರಾಚ್ಯುಟಿ ಇಲ್ಲ ಅಂದರೆ ನಂಬಬೇಡಿ. ವೀಸಾ ಯಾರದ್ದಾದರೂ ಇರಲಿ, ಶಾಲೆ ನಿಮ್ಮ ಹೆಸರಿಗೆ ವರ್ಕ್ ಪರ್ಮಿಟ್ ಮಾಡಿಸಲೇಬೇಕು, ಅದರ ಖರ್ಚೂ ಅವರದ್ದೇ. ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತೇವೆ ಅಂದರೆ ಎದ್ದು ಬನ್ನಿ. ಅದು ಕಾನೂನಿಗೆ ವಿರುದ್ಧ.

ಇನ್ನು ಟ್ಯೂಷನ್. ಎರಡರಷ್ಟು ಬರುವುದು ನಿಜವೇ. ಆದರೆ ಅದು ಹೆಚ್ಚಾಗಿ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಅಕೌಂಟೆನ್ಸಿ ಹೇಳಿಕೊಡುವವರಿಗೆ. ಸಿಬಿಎಸ್‌ಇ ಹತ್ತನೇ ಕ್ಲಾಸಿನ ಹುಡುಗನ ಅಪ್ಪ ಇಂಗ್ಲಿಷಿಗೆ ದುಡ್ಡು ಬಿಚ್ಚುವುದು ಕಡಿಮೆ. "ಅದೇನು, ಓದ್ಕೋತಾನೆ ಬಿಡಿ" ಅನ್ನುತ್ತಾನೆ. ಊರಲ್ಲೂ ಹೀಗೇ ಅಲ್ವಾ? ಇಂಗ್ಲಿಷ್ ಟೀಚರ್‌ಗೆ ಸಿಗುವವರು ಬೇರೆ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದು ಕೆನಡಾಕ್ಕೆ ಹೋಗಬೇಕು ಅನ್ನುವ ನರ್ಸ್‌ಗಳು, ಹೊಸದಾಗಿ ಇಂಗ್ಲಿಷ್ ಮೀಡಿಯಂಗೆ ಸೇರಿದ ಅರಬ್ ಮಕ್ಕಳು. ಈ ಮಕ್ಕಳಿಗೆ ಕಲಿಸುವುದು ಮಾತ್ರ ನನಗೆ ಬಲು ಇಷ್ಟ.

ನಮ್ಮ ಬಿಲ್ಡಿಂಗ್‌ನಲ್ಲೇ ಒಂದು ಸಿರಿಯಾ ಹುಡುಗಿ ಇದ್ದಳು, ಎರಡನೇ ಕ್ಲಾಸ್. ಅರಬಿಯಲ್ಲಿ 'ಪ' ಸದ್ದು ಇಲ್ಲ. ಅವಳಿಗೆ ಪೆನ್ಸಿಲ್ 'ಬೆನ್ಸಿಲ್', ಪಾರ್ಕ್ 'ಬಾರ್ಕ್'. ನಾನು ಒಂದು ತೆಳು ಟಿಶ್ಯೂ ತೆಗೆದು ಬಾಯಿ ಮುಂದೆ ಹಿಡಿದು 'ಪೆನ್' ಅಂದೆ. ಟಿಶ್ಯೂ ಹಾರಿತು. 'ಬೆನ್' ಅಂದೆ, ಅಷ್ಟು ಹಾರಲಿಲ್ಲ. ಅವಳು ಟಿಶ್ಯೂ ಕಿತ್ತುಕೊಂಡು ಉಫ್ ಅಂತ ಊದಿಬಿಟ್ಟಳು, ಸುಮ್ನೆ ಮೋಸ. ಆಮೇಲೆ ಮೂಗಿನ ಮೇಲೆ ಬೆರಳಿಟ್ಟು ಯೋಚಿಸಿ, ಮತ್ತೆ ಹಿಡಿದು, 'ಪ... ಪೆನ್'. ಅಡುಗೆಮನೆಯಿಂದ ಅವಳ ಅಮ್ಮ ಓಡಿಬಂದರು. ಪ, ಫ, ಬ, ಭ ಎಲ್ಲವನ್ನೂ ಒಂದನೇ ಕ್ಲಾಸಿನಲ್ಲೇ ಬಾಯಿಪಾಠ ಮಾಡಿದ ನಮಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತೆ. ಜಾಹೀರಾತಿನಲ್ಲಿ 'ನೇಟಿವ್ ಸ್ಪೀಕರ್ ಮಾತ್ರ' ಅಂತ ನೋಡಿ ಕುಗ್ಗಬೇಡಿ. ಬ್ರಿಟಿಷ್ ಪಠ್ಯಕ್ರಮದ ಶಾಲೆಗಳು ಜಾಸ್ತಿ ಸಂಬಳ ಕೊಡುತ್ತವೆ, ಅಲ್ಲಿ ನಮಗೆ ಬಾಗಿಲು ಕಿರಿದು ಅನ್ನುವುದೂ ನಿಜ. ಟ್ಯೂಷನ್‌ಗೆ ಕಳಿಸುವ ತಾಯಂದಿರಿಗೆ ಬೇಕಾದದ್ದು ಮಗು ಕಲಿಯುವುದು, ನಿಮ್ಮ ಪಾಸ್‌ಪೋರ್ಟ್ ಬಣ್ಣ ಅಲ್ಲ.

ಆದರೆ ಲೆಕ್ಕ ಹಾಕುವಾಗ ಹನ್ನೆರಡು ತಿಂಗಳು ಹಿಡಿಯಬೇಡಿ. ಜುಲೈ, ಆಗಸ್ಟ್‌ನಲ್ಲಿ ಬಿಲ್ಡಿಂಗೇ ಖಾಲಿ. ಎಲ್ಲರೂ ಊರಿಗೆ. (ನಮಗೂ ಆಸೆಯೇ. ಜೂನ್‌ನಲ್ಲಿ ಮಳೆಯ ಜೊತೆ ಶಾಲೆ ಶುರುವಾಗುವುದನ್ನು ನೋಡಿ ಬೆಳೆದವಳಿಗೆ ಇಲ್ಲಿ ಏಪ್ರಿಲ್ ಸೆಕೆಯಲ್ಲಿ ಹೊಸ ಪುಸ್ತಕ ಹಂಚುವುದು ಇವತ್ತಿಗೂ ಒಗ್ಗಿಲ್ಲ.) ರಂಜಾನ್‌ನಲ್ಲಿ ಪಾಠ ಇಫ್ತಾರ್ ಆದಮೇಲೆ, ರಾತ್ರಿ. ಪರೀಕ್ಷೆ ಮುಗಿದ ದಿನದಿಂದ ಹುಡುಗರು ಮಾಯ, ಆ ತಿಂಗಳ ಫೀಸೂ ಒಮ್ಮೊಮ್ಮೆ ಮಾಯ.

ಮತ್ತೆ, ಪರ್ಮಿಟ್ ಇಲ್ಲದೆ ಮಾಡಬೇಡಿ. ಹಿಂದೆ ಎಲ್ಲರೂ ಕದ್ದುಮುಚ್ಚಿ ಮಾಡುತ್ತಿದ್ದರು, ಬಾಗಿಲು ಬಡಿದರೆ ಎದೆ ಧಸಕ್ ಅನ್ನುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಸರ್ಕಾರವೇ ಖಾಸಗಿ ಪಾಠಕ್ಕೆ ಪರ್ಮಿಟ್ ಕೊಡಲು ಶುರುಮಾಡಿತು. ಶುಲ್ಕ ಇಲ್ಲ, ಅವಧಿ 2 ವರ್ಷ. ಮಾನವ ಸಂಪನ್ಮೂಲ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ, 5 ಕೆಲಸದ ದಿನದೊಳಗೆ ಉತ್ತರ. ತಿರಸ್ಕಾರವಾದರೆ 6 ತಿಂಗಳು ಕಾಯಬೇಕು, ಆದ್ದರಿಂದ ಕಾಗದ ಸರಿಯಾಗಿ ಜೋಡಿಸಿಕೊಂಡು ಹಾಕಿ. ಶಾಲೆಯಲ್ಲಿ ಕೆಲಸದಲ್ಲಿರುವವರೂ ಹಾಕಬಹುದು, ಶಾಲೆಯ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಬೇಕು. ಕೆಲಸ ಇಲ್ಲದವರೂ ಹಾಕಬಹುದು. ನೆನಪಿಡಿ, ಇದು ಪಾಠ ಮಾಡಲು ಅನುಮತಿ, ವೀಸಾ ಅಲ್ಲ.

ಆ ಒಂದು ಮಾತಿನ ತೂಕ ನನಗೆ ಗೊತ್ತಾದದ್ದು 2020ರಲ್ಲಿ. ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿ ಪಾಠ ಆನ್‌ಲೈನ್ ಆಯಿತು. ಕೆಲವು ಶಾಲೆಗಳು ಸಂಬಳ ಕಡಿದವು. ನಮ್ಮ ಪರಿಚಯದ ಮಂಗಳೂರಿನ ಒಬ್ಬರು ಟ್ಯೂಷನ್‌ನಲ್ಲಿ ನನ್ನ ಸಂಬಳಕ್ಕಿಂತ ಚೆನ್ನಾಗಿಯೇ ದುಡಿಯುತ್ತಿದ್ದರು, ಆನ್‌ಲೈನ್‌ನಲ್ಲಿ ಇನ್ನೂ ಜಾಸ್ತಿ ಮಕ್ಕಳು ಬಂದರು. ಅಷ್ಟರಲ್ಲಿ ಅವರ ಗಂಡನ ಕೆಲಸ ಹೋಯಿತು. ಗಂಡನ ವೀಸಾ ಹೋದರೆ ಹೆಂಡತಿ ಮಕ್ಕಳದ್ದೂ ಹೋಯಿತು. ಕೈತುಂಬ ಸಂಪಾದನೆ ಇದ್ದೂ ಅವರು ಸಾಮಾನು ಮಾರಿ ವಿಮಾನ ಹತ್ತಿದರು. ಅದೇ ಬಿಲ್ಡಿಂಗ್‌ನ ಇನ್ನೊಂದು ಮನೆಯಲ್ಲಿ ಹೆಂಡತಿ ಶಾಲೆಯ ವೀಸಾದಲ್ಲಿದ್ದರು, ಸಂಬಳ 4,000 ದಾಟಿತ್ತು. ಅಷ್ಟಿದ್ದರೆ, ಅಥವಾ 3,000 ಜೊತೆ ವಸತಿ ಇದ್ದರೆ, ಕುಟುಂಬವನ್ನು ಸ್ಪಾನ್ಸರ್ ಮಾಡಬಹುದು. ಗಂಡ, ಮಕ್ಕಳನ್ನು ತನ್ನ ವೀಸಾಕ್ಕೆ ಹಾಕಿಕೊಂಡರು. ಗಂಡನಿಗೆ ಇನ್ನೊಂದು ಕೆಲಸ ಸಿಗುವವರೆಗೆ ಮನೆ ನಡೆಯಿತು.

ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಶಾಲೆ ಹಿಡಿಯುತ್ತಿದ್ದೆ. ಅದೂ ಶಾರ್ಜಾದಲ್ಲೇ. ಅಲ್ಲಿ 2022ರಿಂದ ಶುಕ್ರ, ಶನಿ, ಭಾನು ಮೂರೂ ದಿನ ರಜೆ. ನಾಲ್ಕು ದಿನ ಪಾಠ ಉದ್ದ, ಸುಸ್ತಾಗುತ್ತೆ, ಆದರೂ ಮಗಳ ಜೊತೆ ಮೂರು ದಿನ ಸಿಗುತ್ತೆ. ಟೀಚರ್ ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ ಕೊಡುವ ಶಾಲೆಗಳಿವೆ, ಇಂಟರ್‌ವ್ಯೂನಲ್ಲೇ ಕೇಳಿ, ಆಫರ್ ಲೆಟರ್‌ನಲ್ಲಿ ಬರೆಸಿಕೊಳ್ಳಿ. ಟ್ಯೂಷನ್‌ನಲ್ಲಿ ಬರಬಹುದಾಗಿದ್ದ ದುಡ್ಡಿನ ಒಂದು ದೊಡ್ಡ ಪಾಲು ಆ ರಿಯಾಯಿತಿಯಲ್ಲೇ ಉಳಿಯುತ್ತೆ. ಒಂದೆರಡು ವರ್ಷ ಕಳೆಯಲಿ, ಮಕ್ಕಳ ತಾಯಂದಿರಿಗೆ ನಿಮ್ಮ ಹೆಸರು ಗೊತ್ತಾಗಲಿ, ಆಮೇಲೆ ಎನ್‌ಒಸಿ ಕೇಳಿ ವಾರಕ್ಕೆ ಎರಡು ಸಂಜೆ ಪಾಠ ಶುರುಮಾಡಿ. ನಿಮ್ಮ ಕ್ಲಾಸಿನ ಮಕ್ಕಳನ್ನೇ ಟ್ಯೂಷನ್‌ಗೆ ಕರೆಯಬೇಡಿ, ಅದು ಊರಲ್ಲೂ ಹೊಲಸು, ಇಲ್ಲೂ ಹೊಲಸು.

ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಶುರು. ಜನವರಿಯಿಂದಲೇ ಡೆಮೊ ಕ್ಲಾಸಿಗೆ ಕರೆಯುತ್ತಾರೆ. ಅಷ್ಟರೊಳಗೆ ಅಟೆಸ್ಟೇಷನ್ ಮುಗಿದಿರಲಿ. ಈಗಿನ ಶಾಲೆಯಿಂದ ಅನುಭವ ಪತ್ರ ತಗೊಳ್ಳುವಾಗ ಯಾವ ತರಗತಿಗೆ, ಯಾವ ವಿಷಯ, ಯಾವ ದಿನಾಂಕದಿಂದ ಯಾವ ದಿನಾಂಕಕ್ಕೆ ಅಂತ ಬಿಡಿಸಿ ಬರೆಸಿ, ಹೆಡ್‌ಮಾಸ್ಟರ್ ಸಹಿ, ಸೀಲು ಎರಡೂ ಇರಲಿ. ಆಫರ್ ಬಂದರೆ ಸಹಿ ಹಾಕುವ ಮೊದಲು ನನಗೆ ಅದರ ಫೋಟೋ ಕಳಿಸಿ. ಹುದ್ದೆಯ ಸಾಲೂ ಬೇಸಿಕ್ ಸಾಲೂ ಕಾಣಿಸಿದರೆ ಸಾಕು, ಉಳಿದದ್ದು ಮುಚ್ಚಿಕೊಳ್ಳಿ.