ಇಲಿಪಾಷಾಣ ಇಟ್ಟು ಹಾವು ಉಳಿಸಿದ್ದು ಹೇಗೆ?

ಪತ್ರ: ವೆಸ್ಟ್ ಇಂಡೀಸಿನ ಆಂಟಿಗಾದಲ್ಲಿ ಇಲಿಗಳಿಗೆ ಪಾಷಾಣ ಇಟ್ಟು ‘ರೇಸರ್’ ಹಾವನ್ನು ಉಳಿಸಿದರೆಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ವಿಷ ತಿಂದ ಇಲಿಯನ್ನು ನುಂಗಿದ ಹಾವೂ ಸಾಯುವುದಿಲ್ಲವೇ? ನಮ್ಮ ತೋಟದಲ್ಲಿ ಮುಂಗುಸಿಯೂ ಇದೆ, ಹಾವೂ ಇದೆ. ಅಲ್ಲಿ ಮಾತ್ರ ಮುಂಗುಸಿಯಿಂದ ಹಾವು ನಿರ್ನಾಮವಾಗಿದ್ದೇಕೆ?
– ಓದುಗರು, ಶಿರಸಿ

ಉತ್ತರ: ಮುಂಗುಸಿಯ ವಿಷಯ ಮೊದಲು. ಅದು ಹೋಗಿದ್ದು ನಮ್ಮ ದೇಶದಿಂದಲೇ. ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು 1872ರಲ್ಲಿ ಕಲ್ಕತ್ತೆಯಿಂದ ಒಂಬತ್ತು ಮುಂಗುಸಿಗಳನ್ನು ಜಮೈಕಾಕ್ಕೆ ಒಯ್ದರು. ಆ ಶತಮಾನ ಮುಗಿಯುವ ಹೊತ್ತಿಗೆ ಆಂಟಿಗಾದಲ್ಲೂ ಮುಂಗುಸಿ ನೆಲೆಯೂರಿತ್ತು. ಆದರೆ ಇಲಿ ಓಡಾಡುವುದು ರಾತ್ರಿ, ಮುಂಗುಸಿ ಬೇಟೆಗೆ ಹೊರಡುವುದು ಹಗಲು. ಹಗಲಲ್ಲಿ ನೆಲದ ಮೇಲೆ ಸಿಕ್ಕಿದ್ದು ರೇಸರ್. ಸುಮಾರು ಒಂದು ಮೀಟರ್ ಉದ್ದದ ಈ ಹಾವು ತರಗೆಲೆಯಡಿ ಮೈ ಹುದುಗಿಸಿಕೊಂಡು ಹಲ್ಲಿ, ಓತಿಗಳಿಗಾಗಿ ಕಾಯುತ್ತದೆ. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ. ಹಿಡಿದರೆ ಕಚ್ಚುವುದಕ್ಕಿಂತ ನಾರುವ ದ್ರವ ಬಳಿಯುವುದೇ ಹೆಚ್ಚು. ನಮ್ಮ ಹಾವುಗಳು ತಲೆತಲಾಂತರದಿಂದ ಮುಂಗುಸಿಯ ಜೊತೆಗೇ ಬಾಳಿವೆ. ರೇಸರ್‌ಗೆ ಅಂಥ ಶತ್ರುವಿನ ಪರಿಚಯವೇ ಇರಲಿಲ್ಲ.

ಮುಂಗುಸಿ ತಲುಪದ ಗ್ರೇಟ್ ಬರ್ಡ್ ಎಂಬ ನಡುಗಡ್ಡೆಯಲ್ಲಿ ಮಾತ್ರ ಅದು ಉಳಿದುಕೊಂಡಿತ್ತು. 25 ಎಕರೆಯೂ ಇಲ್ಲದ ಜಾಗ. 1995ರಲ್ಲಿ ಅಲ್ಲಿದ್ದದ್ದು ಸುಮಾರು ಐವತ್ತು ಹಾವು, ಹಲವದರ ಬಾಲ ಇಲಿ ಕಡಿದು ಮೋಟಾಗಿತ್ತು. ಅಂದರೆ ಅಲ್ಲಿ ಹಾವು ಇಲಿಯನ್ನು ತಿನ್ನುತ್ತಿರಲಿಲ್ಲ, ಇಲಿಯೇ ಹಾವನ್ನು ಕಚ್ಚುತ್ತಿತ್ತು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಹಲ್ಲಿ ತಿನ್ನುವ ಹಾವಿಗೆ ಸತ್ತ ಇಲಿ ಆಹಾರವಲ್ಲ, ಪಾಷಾಣದ ತುಂಡೂ ಬೇಡ.

ಬಳಸಿದ್ದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣ. ತಿಂದ ಇಲಿ ಸಾಯುವುದು ಕೆಲವು ದಿನ ಕಳೆದ ಮೇಲೆ. ತಕ್ಷಣ ಸತ್ತರೆ ಉಳಿದವು ಹುಷಾರಾಗಿ ತುಂಡನ್ನು ಮೂಸುವುದೂ ಇಲ್ಲ. ಇಂಥ ಕೆಲಸದಲ್ಲಿ ದ್ವೀಪದ ಯಾವ ಇಲಿ ಎಲ್ಲೇ ಸುತ್ತಿದರೂ ಒಂದು ತುಂಡಾದರೂ ಸಿಗುವಷ್ಟು ಒತ್ತಾಗಿ ಇಡಬೇಕು, ಖಾಲಿಯಾದಲ್ಲಿ ಮತ್ತೆ ತುಂಬಬೇಕು. ಒಂದು ಬಸುರಿ ಇಲಿ ಉಳಿದರೂ ಮಾಡಿದ್ದೆಲ್ಲ ವ್ಯರ್ಥ. ಮುಗಿದ ಮೇಲೂ ಕಾವಲು ತಪ್ಪುವುದಿಲ್ಲ, ಏಕೆಂದರೆ ಪ್ರವಾಸಿಗರ ದೋಣಿಯಲ್ಲಿ ಇಲಿ ಮತ್ತೆ ಬರುತ್ತದೆ.

ಒಂದೇ ಚಂಡಮಾರುತಕ್ಕೆ ಇಡೀ ಸಂತತಿ ಬಲಿಯಾಗದಿರಲೆಂದು 1999ರಲ್ಲಿ ರ‍್ಯಾಬಿಟ್ ಐಲ್ಯಾಂಡ್, 2002ರಲ್ಲಿ ಗ್ರೀನ್ ಐಲ್ಯಾಂಡ್, 2008ರಲ್ಲಿ ಯಾರ್ಕ್ ಐಲ್ಯಾಂಡಿಗೂ ಹಾವುಗಳನ್ನು ಒಯ್ದು ಬಿಟ್ಟರು. ಈಗ ಒಟ್ಟು ಸಂಖ್ಯೆ ಸಾವಿರ ದಾಟಿದೆ ಎಂಬ ಅಂದಾಜಿದೆ.

ಇದನ್ನು ನೋಡಿ ನಿಮ್ಮ ತೋಟದಲ್ಲಿ ಪಾಷಾಣ ಇಡಬೇಡಿ. ನಮ್ಮ ಕೇರೆಹಾವು, ಗೂಬೆಗಳಿಗೆ ಇಲಿಯೇ ಊಟ. ವಿಷ ತಿಂದು ತೂರಾಡುವ ಇಲಿ ಅವುಗಳಿಗೇ ಮೊದಲು ಸಿಗುತ್ತದೆ. ಗೂಬೆಗಂತೂ ಅದು ಪ್ರಾಣಕ್ಕೇ ಕುತ್ತು. ಉಗ್ರಾಣದ ಬಾಗಿಲ ಸಂದು ಮುಚ್ಚಿ, ಗೋಡೆಯಂಚಿಗೆ ಬೋನು ಇಡಿ. ಕೇರೆ ಕಂಡರೆ ಅದರ ಪಾಡಿಗೆ ಬಿಡಿ.