ತಟ್ಟೆಯಂಚಿನ ಬೀನ್ಸ್ ಹೋಳು

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಒಂದೂವರೆ ವರ್ಷದವರೆಗೆ ಕೊಟ್ಟಿದ್ದೆಲ್ಲ ತಿನ್ನುತ್ತಿದ್ದವಳು ಈಗ ತರಕಾರಿ ಕಂಡರೆ ಬಾಯಿ ಬಿಗಿಯುತ್ತಾಳೆ. ಮೊನ್ನೆ ಗದರಿಸಿ ಬಾಯಿಗೆ ತುರುಕಿದೆ, ವಾಂತಿ ಮಾಡಿಕೊಂಡಳು. ನಾನು ಮುದ್ದು ಮಾಡಿಯೇ ಕೆಡಿಸಿದೆ ಎನ್ನುತ್ತಾರೆ ಅತ್ತೆ. ಎಲ್ಲಿ ಎಡವಿದೆ?

ಉತ್ತರ: ಮುದ್ದಿಗೂ ಇದಕ್ಕೂ ಸಂಬಂಧವಿಲ್ಲಮ್ಮ, ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎರಡರಿಂದ ಆರು ವರ್ಷದೊಳಗೆ ಹೆಚ್ಚಿನ ಮಕ್ಕಳಿಗೆ ಹೊಸ ತಿನಿಸೆಂದರೆ ಅಂಜಿಕೆ. ನಡೆಯಲು ಕಲಿತು, ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನಲ್ಲಿ ವಿಷದ ಸೊಪ್ಪು, ಕಾಯಿಗಳಿಂದ ಕಾಯಲು ಪ್ರಕೃತಿ ಇಟ್ಟ ಕಾವಲು ಇದು ಎಂದು ತಜ್ಞರು ಭಾವಿಸುತ್ತಾರೆ.

ಇನ್ನು ನಾಲಿಗೆಯ ಮಾತು. ಹಸುಗೂಸು ಕೂಡ ಸಿಹಿ ತಾಗಿದರೆ ತುಟಿ ಚಪ್ಪರಿಸುತ್ತದೆ, ಕಹಿಗೆ ಮುಖ ಕಿವುಚುತ್ತದೆ. ಎಲೆಕೋಸು, ಹೂಕೋಸುಗಳಲ್ಲಿ ಗಂಧಕ ಸೇರಿದ ಕಹಿ ಪದಾರ್ಥಗಳಿವೆ. ಕಹಿಯನ್ನು ಗುರುತಿಸುವ ವಂಶವಾಹಿ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ನಿಮಗೆ ಸಪ್ಪೆ ಎನಿಸಿದ್ದು ಅವಳಿಗೆ ಗಂಟಲಿಗಿಳಿಯದಷ್ಟು ಕಹಿಯಾಗಿರಬಹುದು. ಅದನ್ನು ಹೇಳಲು ನಾಲ್ಕು ವರ್ಷದ ಮಗುವಿಗೆ ಮಾತು ಸಾಲದು, ಬಾಯಿ ಬಿಗಿಯುವುದೊಂದೇ ದಾರಿ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಆ ವಾಂತಿ. ದಯವಿಟ್ಟು ತುರುಕುವುದನ್ನು ನಿಲ್ಲಿಸಿ. ಗದರಿಸಿ ತಿನ್ನಿಸಿದ ತರಕಾರಿಯ ರುಚಿ ಮಗುವಿನ ನೆನಪಿನಲ್ಲಿ ಉಳಿಯುವುದಿಲ್ಲ, ಗದರಿಕೆ ಉಳಿಯುತ್ತದೆ. 'ಇದು ತಿಂದರೆ ಚಾಕೊಲೇಟ್' ಎಂಬ ಆಸೆಯೂ ಬೇಡ. ಬಹುಮಾನ ಕೊಟ್ಟು ತಿನ್ನಿಸುವಂಥದ್ದು ಚೆನ್ನಾಗಿರಲಾರದು ಎಂದು ಮಕ್ಕಳು ಬೇಗ ಊಹಿಸುತ್ತಾರೆ.

ಉಗುರಿನಷ್ಟು ಹೋಳೊಂದನ್ನು ಅವಳ ತಟ್ಟೆಯಂಚಿಗಿಟ್ಟು ಸುಮ್ಮನಿರಿ. ಅದನ್ನೇ ನೀವೂ ಪಕ್ಕದಲ್ಲಿ ಕೂತು ತಿನ್ನಿ. ಒಂದು ತರಕಾರಿ ಒಗ್ಗಲು ಎಂಟರಿಂದ ಹದಿನೈದು ಸಲ ರುಚಿ ನೋಡಬೇಕಾಗುತ್ತದೆ, ನಾವು ಮೂರು–ನಾಲ್ಕಕ್ಕೇ 'ಇವಳಿಗೆ ಸೇರಲ್ಲ' ಎಂದು ಕೈಬಿಡುತ್ತೇವೆ. ನೆಕ್ಕಿ ಉಗುಳಿದರೆ ಅದೂ ಒಂದು ಸಲವೇ. ನನ್ನ ಮಗ ಬೀನ್ಸ್ ಹೋಳನ್ನು ಎಷ್ಟೋ ದಿನ ಬರೀ ಬಿಡಿಸಿ, ಒಳಗಿನ ಪುಟ್ಟ ಬೀಜಗಳನ್ನು ಸಾಲಾಗಿ ಜೋಡಿಸಿಡುತ್ತಿದ್ದ. ಬೈಯದೆ ಕೂರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಒಂದು ರಾತ್ರಿ ಆ ಸಾಲಿನಿಂದ ಒಂದು ಬೀಜ ಬಾಯಿಗೆ ಹೋಯಿತು.

ತೂಕ ಇಳಿಯುತ್ತಿದ್ದರೆ, ತಿನ್ನುವ ಪದಾರ್ಥಗಳೇ ಬೆರಳೆಣಿಕೆಯಷ್ಟಾಗಿದ್ದರೆ, ಬಲವಂತವಿಲ್ಲದೆಯೂ ವಾಂತಿಯಾದರೆ ಮಕ್ಕಳ ವೈದ್ಯರಿಗೆ ತೋರಿಸಿ, ತಡಮಾಡಬೇಡಿ.

ಇವತ್ತು ಊಟಕ್ಕೆ ಕೂರುವ ಮುಂಚೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿಬಿಡಿ: 'ಇನ್ಮೇಲೆ ಅಮ್ಮ ಬಾಯಿಗೆ ತುರುಕಲ್ಲ ಪುಟ್ಟಿ.'