ಮೊರೊವಿಂಡ್ ಚೆನ್ನಾಗಿತ್ತು ಅನ್ನೋದು ಬರೀ ಹಳಬರ ಹಳಹಳಿಕೆಯಾ?

ನೀವು ಕೇಳಿದ್ದು ಇಷ್ಟು: ಎಲ್ಡರ್ ಸ್ಕ್ರೋಲ್ಸ್ ಎಂಬ ಕಂಪ್ಯೂಟರ್ ಆಟಗಳ ಸರಣಿಯಲ್ಲಿ ಸ್ಕೈರಿಮ್ ಒಂದನ್ನೇ ಆಡಿದ್ದೀರಿ, ಆರನೆಯದು ಬರುವ ಲಕ್ಷಣವೇ ಕಾಣುತ್ತಿಲ್ಲ. ಅಷ್ಟರೊಳಗೆ ಮೊರೊವಿಂಡ್ ಆಡಿ ನೋಡಬಹುದಾ? ಅಥವಾ ಅದನ್ನು ಹೊಗಳುವವರೆಲ್ಲ ತಮ್ಮ ಹದಿಹರೆಯವನ್ನು ಹೊಗಳಿಕೊಳ್ಳುತ್ತಿದ್ದಾರಾ?

ನಾನೂ ಆ ಹೊಗಳುಭಟರ ಗುಂಪಿನವನೇ. ಹಾಗಾಗಿ ನನ್ನ ಸಾಕ್ಷಿಯನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ.

2002ರ ಆ ಆಟ ನನ್ನ ಕೈಗೆ ಸಿಕ್ಕಿದ್ದು 2005ರಲ್ಲಿ, ಹಾಸ್ಟೆಲ್ ರೂಮ್‌ಮೇಟ್‌ನ ಕಂಪ್ಯೂಟರ್‌ನಲ್ಲಿ. ಮೊದಲ ಒಂದು ಗಂಟೆ ಸಿ.ಡಿ.ಯೇ ಕೆಟ್ಟಿದೆ ಅಂದುಕೊಂಡಿದ್ದೆ. ಏಡಿಯೊಂದರ ಎದುರು ನಿಂತು ಕತ್ತಿ ಬೀಸುತ್ತೇನೆ, ಕತ್ತಿ ಅದರ ಮೈಯೊಳಗೇ ಹಾದುಹೋಗುತ್ತದೆ, ಏಟು ಮಾತ್ರ ಬೀಳುವುದಿಲ್ಲ. ಏಡಿ ನನ್ನನ್ನು ಕೊಂದಿತು. ಒಳಗೊಳಗೇ ದಾಳ ಉರುಳುತ್ತಿರುತ್ತದೆ, ಕೈಯಲ್ಲಿರುವ ಆಯುಧದಲ್ಲಿ ನಮಗೆಷ್ಟು ಪಳಗಿದೆ, ಮೈ ಎಷ್ಟು ದಣಿದಿದೆ ಅನ್ನುವುದರ ಮೇಲೆ ಏಟು ಬೀಳುವುದೋ ಬಿಡುವುದೋ ತೀರ್ಮಾನವಾಗುತ್ತದೆ ಎಂದು ತಿಳಿದದ್ದು ಆಮೇಲೆ. ನಾನೋ ದಾರಿಯುದ್ದಕ್ಕೂ ಓಡಿಕೊಂಡು ಬಂದು, ಏದುಸಿರು ಬಿಡುತ್ತಾ, ಎಂದೂ ಹಿಡಿಯದ ಆಯುಧ ಹಿಡಿದಿದ್ದೆ. ಈ ವಿಷಯದಲ್ಲಿ ಹಳಬರು ಎಷ್ಟು ವಾದಿಸಿದರೂ ನಂಬಬೇಡಿ. ಮೊರೊವಿಂಡ್‌ನ ಹೊಡೆದಾಟ ಆಗಲೂ ಕಳಪೆ, ಈಗಲೂ ಕಳಪೆ.

ಹಾಗಾದರೆ ಒಳ್ಳೆಯದೇನು? ಒಂದು ಉದಾಹರಣೆಯಲ್ಲೇ ಹೇಳುತ್ತೇನೆ.

ಬಾಲ್ಮೊರಾ ಊರಲ್ಲಿ ಕೇಯಸ್ ಕೊಸೇಡಸ್ ಎಂಬ ಮುದುಕನಿದ್ದಾನೆ. ಬರಿಮೈಯಲ್ಲಿ ಕೂತಿರುವ ಗೂಢಚಾರ. ಅವನು ನಿಮ್ಮನ್ನು ಇನ್ನೊಬ್ಬನ ಹತ್ತಿರ ಕಳಿಸುತ್ತಾನೆ, ಆ ಇನ್ನೊಬ್ಬ ಒಂದು ಪಾಳು ಕೋಟೆಯಿಂದ ಪುಟ್ಟ ಪೆಟ್ಟಿಗೆ ತಂದುಕೊಡು ಅನ್ನುತ್ತಾನೆ. ಕೋಟೆಯ ಹೆಸರು ಆರ್ಕಂಗ್ಥಾಂಡ್ (ಬಾಯಲ್ಲಿ ಇವತ್ತಿಗೂ ಸರಿಯಾಗಿ ಹೊರಳಿಲ್ಲ). ನಕಾಶೆಯ ಮೇಲೆ ಯಾವ ಗುರುತೂ ಮೂಡುವುದಿಲ್ಲ. ಅವನು ಹೇಳುವುದು ಹೆಚ್ಚುಕಡಿಮೆ ಹೀಗೆ: ಊರಿನ ದಕ್ಷಿಣಕ್ಕೆ ಹೊರಡು, ಮೂನ್‌ಮಾತ್ ಕೋಟೆ ದಾಟಿ ಪೂರ್ವಕ್ಕೆ ಹೋಗು, ಕೈಮರ ಸಿಕ್ಕಲ್ಲಿಂದ ಈಶಾನ್ಯಕ್ಕೆ ತಿರುಗು, ಹಳೇ ಸೇತುವೆ ಬರುತ್ತದೆ, ದಾಟಿದರೆ ಆಚೆ ಕೋಟೆ, ಬಾಗಿಲು ತೆರೆಯಲು ಪಕ್ಕದ ಕೊಳವೆಯಲ್ಲೊಂದು ತಿರುಗಣೆ ಇದೆ.

ಇದು ನಮ್ಮೂರ ಕಡೆ ಅರಳಿಕಟ್ಟೆಯಲ್ಲಿ ಕೂತವರು ದಾರಿ ಹೇಳುವ ಕ್ರಮವೇ. ಕೇಳಿಸಿಕೊಂಡು ಹೊರಟಿರಿ ಅಂದರೆ ಕಣ್ಣು ತಾನಾಗಿ ಅಗಲವಾಗುತ್ತದೆ. ಕೈಮರ ಓದುತ್ತೀರಿ. ಇದೇ ಸೇತುವೆಯಾ, ಇನ್ನೊಂದಿದೆಯಾ ಅಂತ ಯೋಚಿಸುತ್ತೀರಿ. ನಾನು ಮೊದಲ ಸಲ ದಾರಿ ತಪ್ಪಿ ಎಲ್ಲೋ ಬೂದಿಗುಡ್ಡದ ನಡುವೆ ಸಿಕ್ಕಿಹಾಕಿಕೊಂಡೆ, ಮೇಲಿಂದ ಕ್ಲಿಫ್ ರೇಸರ್ ಎಂಬ ಹಾಳು ಹಕ್ಕಿಗಳು ಬೆನ್ನು ಬಿದ್ದವು. ಆದರೂ ಇಪ್ಪತ್ತು ವರ್ಷದ ಮೇಲೆ ಆ ಸೇತುವೆ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಸ್ಕೈರಿಮ್‌ನಲ್ಲಿ ಮುನ್ನೂರು ಗಂಟೆ ಕಳೆದಿದ್ದೇನೆ. ಅರ್ಧ ಗುಹೆಗಳ ಹೆಸರೂ ನೆನಪಿಲ್ಲ. ಅಲ್ಲಿ ನಾನು ನೋಡಿದ್ದು ಬೆಟ್ಟವನ್ನಲ್ಲ, ಪರದೆಯ ಮೇಲ್ತುದಿಯ ದಿಕ್ಸೂಚಿಯಲ್ಲಿ ಹೋಗಬೇಕಾದ ಜಾಗ ತೋರಿಸುತ್ತಾ ಜಾರುವ ಬಾಣವನ್ನು.

"ಬಾಣ ಬೇಡವಾದರೆ ಅದನ್ನು ಆಫ್ ಮಾಡಿಕೊಂಡು ಆಡು" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಪ್ರಯತ್ನಿಸಿದೆ. ಆಗುವುದಿಲ್ಲ. ಸ್ಕೈರಿಮ್‌ನಲ್ಲಿ ಯಾವನೋ ಒಬ್ಬ ತನ್ನ ಮನೆತನದ ಕತ್ತಿ ಕಳವಾಗಿದೆ, ತಂದುಕೊಡಿ ಅನ್ನುತ್ತಾನೆ. ಎಲ್ಲಿದೆ, ಯಾವ ದಿಕ್ಕು, ಎಷ್ಟು ದೂರ, ಒಂದೂ ಹೇಳುವುದಿಲ್ಲ. ಬಾಣ ಹೇಗೂ ಹೇಳುತ್ತದೆ ಎಂಬ ಭರವಸೆಯ ಮೇಲೆಯೇ ಆ ಮಾತು ಬರೆದದ್ದು. ಬಾಣ ತೆಗೆದರೆ ಉಳಿಯುವುದು ಬರೀ ಕುರುಡಾಟ.

ಇದಕ್ಕೆ ಬರಹಗಾರರ ಸೋಮಾರಿತನ ಕಾರಣ ಅಂತ ಬಹಳ ದಿನ ಬೈದುಕೊಂಡಿದ್ದೆ. ಈಗ ಧ್ವನಿಯೇ ಕಾರಣ ಅನ್ನಿಸುತ್ತದೆ. ಮೊರೊವಿಂಡ್‌ನಲ್ಲಿ ಬಹುಪಾಲು ಸಂಭಾಷಣೆ ಓದಿಕೊಳ್ಳುವಂಥದ್ದು, ಬಾಯಿಬಿಟ್ಟು ಆಡುವ ಮಾತು ನಾಲ್ಕಾರು. ಬರೆದದ್ದನ್ನು ಬೇಕಾದಷ್ಟು ಉದ್ದ ಮಾಡಬಹುದು, ದಾರಿ ಬದಲಾದರೆ ಒಂದು ಸಾಲು ತಿದ್ದಿದರಾಯಿತು. ಸರಣಿಯ ಮುಂದಿನ ಆಟ, 2006ರ ಒಬ್ಲಿವಿಯನ್‌ನಲ್ಲಿ ಪ್ರತಿ ಪಾತ್ರಕ್ಕೂ ಪ್ರತಿ ಮಾತಿಗೂ ಧ್ವನಿ ಬಂತು. ಚಕ್ರವರ್ತಿಗೆ ಪ್ಯಾಟ್ರಿಕ್ ಸ್ಟೀವರ್ಟ್, ಅವನ ಮಗನಿಗೆ ಶಾನ್ ಬೀನ್. ಮಿಕ್ಕ ಊರಿಗೆಲ್ಲ ಬೆರಳೆಣಿಕೆಯ ಕಂಠಗಳು. ಒಂದೇ ಊರಿನ ಭಿಕ್ಷುಕನೂ ಶ್ರೀಮಂತನೂ ಒಂದೇ ದನಿಯಲ್ಲಿ ಮಾತಾಡುವ ತಮಾಷೆ ಅಲ್ಲಿಂದಲೇ ಬಂದದ್ದು. ರೆಕಾರ್ಡ್ ಮಾಡಿದ ಮಾತಿಗೆ ಖರ್ಚಿದೆ, ಡಿಸ್ಕಿನಲ್ಲಿ ಜಾಗ ಬೇಕು. "ಕೈಮರದಿಂದ ಈಶಾನ್ಯಕ್ಕೆ" ಎಂಬಂಥ ಸಾಲುಗಳು ಮೊದಲು ಹೋದವು, ಆ ಖಾಲಿ ಜಾಗಕ್ಕೆ ಬಾಣ ಬಂತು.

ಹಳಬರು ಇದನ್ನು ಬಿಟ್ಟು ಲೆಕ್ಕದ ಪಟ್ಟಿ ಓದುತ್ತಾರೆ. ಮೊರೊವಿಂಡ್‌ನಲ್ಲಿ 27 ಕೌಶಲ, ಒಬ್ಲಿವಿಯನ್‌ನಲ್ಲಿ 21, ಸ್ಕೈರಿಮ್‌ನಲ್ಲಿ 18. ಭರ್ಜಿ ಹೋಯಿತು, ಗಾಳಿಯಲ್ಲಿ ತೇಲುವ ಮಂತ್ರ ಹೋಯಿತು, ನಮ್ಮದೇ ಮಂತ್ರ ಕಟ್ಟಿಕೊಳ್ಳುವುದೂ ಹೋಯಿತು. ನಿಜವೇ. ಆದರೆ ಭರ್ಜಿ ಇಲ್ಲದ್ದಕ್ಕೆ ನನಗೆ ಒಂದು ದಿನವೂ ನಿದ್ದೆ ಕೆಟ್ಟಿಲ್ಲ. ತೇಲುವ ಮಂತ್ರ ತೆಗೆದದ್ದಕ್ಕಂತೂ ನೇರ ಕಾರಣವಿದೆ: ಒಬ್ಲಿವಿಯನ್‌ನ ಊರುಗಳು ಕೋಟೆಬಾಗಿಲ ಒಳಗೆ ಬೇರೆಯಾಗಿ ಲೋಡ್ ಆಗುತ್ತವೆ, ಗೋಡೆಯ ಮೇಲಿಂದ ಹಾರಿ ಬಂದರೆ ಒಳಗೆ ಊರೇ ಇರುವುದಿಲ್ಲ.

ಪ್ರಯಾಣದ ಮಾತು ಬೇರೆ. ಮೊರೊವಿಂಡ್‌ನಲ್ಲಿ ನಕಾಶೆ ಒತ್ತಿ ಹಾರಿಹೋಗುವಂತಿಲ್ಲ. ಸಿಲ್ಟ್ ಸ್ಟ್ರೈಡರ್ ಎಂಬ ಮನೆಗಿಂತ ಎತ್ತರದ ಕೀಟವಿದೆ, ದುಡ್ಡು ಕೊಟ್ಟು ಹತ್ತಬೇಕು. ಆಟ ಶುರುವಾಗುವ ಸೇಡಾ ನೀನ್‌ನಿಂದ ಅದು ಬಾಲ್ಮೊರಾ, ವೈವೆಕ್, ಸುರಾನ್, ಗ್ನಿಸಿಸ್‌ಗೆ ಮಾತ್ರ ಹೋಗುತ್ತದೆ. ಬೇರೆಡೆಗೆ ದೋಣಿ ಹಿಡಿಯಬೇಕು, ಇಲ್ಲವೇ ಮಂತ್ರವಾದಿಗಳ ಸಂಘದಲ್ಲಿ ಕಾಸು ಕೊಟ್ಟು ಮಾಯವಾಗಬೇಕು. ಮೆಜೆಸ್ಟಿಕ್‌ಗೆ ಬಂದು ಬಸ್ ಬದಲಿಸಿದ ಹಾಗೆ. ಎಲ್ಲಿಂದ ಎಲ್ಲಿಗೆ ಯಾವುದು ಹೋಗುತ್ತದೆ ಎಂದು ತಲೆಯಲ್ಲಿ ಕೂತ ದಿನ ಆಟ ನಡೆಯುವ ಆ ದ್ವೀಪ ನಿಮ್ಮೂರಾಗಿಬಿಡುತ್ತದೆ.

ಇಷ್ಟು ಹೊಗಳಿದ ಮೇಲೆ ತಪ್ಪೊಪ್ಪಿಗೆಯೂ ಬೇಕು. ಐದಾರು ವರ್ಷದ ಹಿಂದೆ ಮತ್ತೆ ಆಡಲು ಕೂತೆ. ಮಗಳು ಮಲಗಿದ ಮೇಲೆ ರಾತ್ರಿ ಒಂದು ಗಂಟೆಯ ಬಿಡುವು. ಆರ್ಕಂಗ್ಥಾಂಡ್ ತಲುಪಿದೆ, ಒಳಗೆ ಆ ಪೆಟ್ಟಿಗೆ ಸಿಗಲಿಲ್ಲ. ಒಂದು ಕೋಣೆಯ ಶೆಲ್ಫಿನ ಮೇಲೆ, ಬೇರೆ ತುಕ್ಕು ಸಾಮಾನಿನ ನಡುವೆ ಸುಮ್ಮನೆ ಕೂತಿರುತ್ತದೆ ಅದು. ಎರಡು ರಾತ್ರಿ ಹುಡುಕಿ, ಮೂರನೆಯ ರಾತ್ರಿ ಯೂಟ್ಯೂಬ್ ನೋಡಿದೆ. ಬಾಣ ಬೇಡ ಎನ್ನುವ ಮನುಷ್ಯ! ಇಪ್ಪತ್ತರ ವಯಸ್ಸಿನಲ್ಲಿ ದಾರಿ ತಪ್ಪುವುದೇ ಸುಖವಾಗಿತ್ತು, ಯಾಕೆಂದರೆ ಸಮಯಕ್ಕೆ ಬೆಲೆ ಇರಲಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಅನುಮಾನ ಸರಿ.

ಒಬ್ಲಿವಿಯನ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 2025ರ ಏಪ್ರಿಲ್‌ನಲ್ಲಿ ಅದರ ರಿಮಾಸ್ಟರ್, ಅಂದರೆ ಹೊಸ ರೂಪ ಕೊಟ್ಟ ಆವೃತ್ತಿ, ಘೋಷಣೆಯಾದ ದಿನವೇ ಬಿಡುಗಡೆಯೂ ಆಯಿತು. ಮೇಲೆ ಅನ್ರಿಯಲ್ ಎಂಜಿನ್ 5 ಎಂಬ ಹೊಸ ತಂತ್ರಾಂಶದ ಬಣ್ಣ, ಒಳಗೆ ಹಳೆಯ ಯಂತ್ರವೇ. ಓಡುವುದನ್ನು ಸೇರಿಸಿದ್ದಾರೆ, ಲೆವೆಲ್ ಏರುವ ಕ್ರಮ ತಿದ್ದಿದ್ದಾರೆ. ನೀವು ಬಲಿತಂತೆ ಶತ್ರುಗಳೂ ಬಲಿಯುವ ಹಳೇ ಚಾಳಿ ಮಾತ್ರ ಹೋಗಿಲ್ಲ. ದಾರಿಯಲ್ಲಿ ಪುಡಿಗಾಸು ಕೀಳುವ ಕಳ್ಳ ಅರಸರಿಗೂ ಎಟುಕದ ಗಾಜಿನ ಕವಚ ತೊಟ್ಟು ನಿಲ್ಲುತ್ತಾನೆ. ಆದರೆ ಕಥೆ ಕಟ್ಟುವುದರಲ್ಲಿ ಅದನ್ನು ಸರಣಿಯ ಬೇರೆ ಯಾವುದೂ ಮೀರಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಡಾರ್ಕ್ ಬ್ರದರ್‌ಹುಡ್ ಎಂಬ ಕೊಲೆಗಾರರ ಸಂಘ ಸೇರಿ. ಔತಣಕ್ಕೆಂದು ಕರೆಸಿದ ಐವರು ಅತಿಥಿಗಳ ಜೊತೆ ನಿಮ್ಮನ್ನು ಒಂದು ಮನೆಯೊಳಗೆ ಬೀಗ ಹಾಕುತ್ತಾರೆ. ಕೊಲೆಗಾರ ನೀವೇ, ಅವರಿಗೆ ಗೊತ್ತಿಲ್ಲ. ಒಬ್ಬೊಬ್ಬರೇ ಸಾಯುತ್ತಿದ್ದಂತೆ ಉಳಿದವರು ನಿಮ್ಮ ಹತ್ತಿರವೇ ಬಂದು ತಮ್ಮ ಅನುಮಾನ ಹೇಳಿಕೊಳ್ಳುತ್ತಾರೆ.

ಇನ್ನು ಆರನೆಯದು. 2018ರ ಜೂನ್‌ನಲ್ಲಿ ಅರ್ಧ ನಿಮಿಷ ಚಿಲ್ಲರೆಯ ತುಣುಕೊಂದು ಬಂತು: ಬೆಟ್ಟ, ಕರಾವಳಿ, ಸಂಗೀತ, ಹೆಸರು. ಅಷ್ಟರಿಂದಲೇ ಇದು ಹ್ಯಾಮರ್‌ಫೆಲ್ ಪ್ರಾಂತ್ಯ ಎಂದು ಅಭಿಮಾನಿಗಳು ಪಂಚಾಂಗ ಬರೆದರು. 2024ರಲ್ಲಿ ಸರಣಿಗೆ 30 ವರ್ಷವಾದಾಗ ಈ ಆಟಗಳನ್ನು ಮಾಡುವ ಬೆಥೆಸ್ಡಾ ಕಂಪನಿ, ಆರಂಭಿಕ ಆವೃತ್ತಿಯನ್ನು ತಾವು ಆಡುತ್ತಿದ್ದೇವೆ ಎಂದಿತು. ಇದನ್ನು ಬರೆಯುವ ಹೊತ್ತಿಗೆ ದಿನಾಂಕವಿಲ್ಲ. ಎಲ್ಲರ ಜಗಳ ನಕಾಶೆ ಎಷ್ಟು ದೊಡ್ಡದು ಅನ್ನುವುದರ ಮೇಲೆ. ಆ ಪಾಠ ಈ ಕಂಪನಿಗೆ ಎರಡು ಸಲ ಆಗಿದೆ. ಇದೇ ಸರಣಿಯ 1996ರ ಡ್ಯಾಗರ್‌ಫಾಲ್ ಗ್ರೇಟ್ ಬ್ರಿಟನ್ನಿನಷ್ಟು ವಿಸ್ತಾರ ಅಂತ ಹೇಳಿಕೊಂಡಿತು, ಸಾವಿರಾರು ಊರುಗಳನ್ನು ಕಂಪ್ಯೂಟರ್ ಲೆಕ್ಕದಲ್ಲಿ ಹುಟ್ಟಿಸಿತು, ಒಂದು ಊರು ನೋಡಿದರೆ ನೂರು ನೋಡಿದಂತೆ. 2023ರ ಸ್ಟಾರ್‌ಫೀಲ್ಡ್‌ನಲ್ಲಿ ಸಾವಿರಕ್ಕೂ ಹೆಚ್ಚು ಗ್ರಹಗಳು, ದೂರೂ ಅದೇ. ಎರಡರ ನಡುವೆ, ಡ್ಯಾಗರ್‌ಫಾಲ್ ಆದ ಮೇಲೆ, ಕೈಯಲ್ಲೇ ಜೋಡಿಸಿದ ಒಂದು ಸಣ್ಣ ದ್ವೀಪ ಬಂತಲ್ಲ, ಅದೇ ಮೊರೊವಿಂಡ್.

ಸ್ಕೈರಿಮ್ 6 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ, ಬಾಣ ತೆಗೆಯಿರಿ ಅಂದರೆ ಯಾರು ಕೇಳುತ್ತಾರೆ ಅಂತ ನೀವು ಅನ್ನಬಹುದು. ಎಲ್ಡನ್ ರಿಂಗ್ ನೋಡಿ. 2022ರ ಆಟ, ಕೆಲಸಗಳಿಗೆ ಬಾಣವಿಲ್ಲ, ಬರೆದಿಟ್ಟುಕೊಳ್ಳುವ ದಿನಚರಿಯೂ ಇಲ್ಲ. ಒಂದು ವರ್ಷದೊಳಗೆ 2 ಕೋಟಿ ಹೋಯಿತು. ನನಗೆ ಬಾಣ ತೆಗೆಯುವುದೂ ಬೇಡ. ಅದನ್ನು ಆಫ್ ಮಾಡಿದಾಗಲೂ ಆಟ ನಡೆಯುವಂತೆ ಮಾತು ಬರೆಯಲಿ, ಸಾಕು. ಸ್ಕೈರಿಮ್‌ನಲ್ಲೇ ಅದು ಒಮ್ಮೆ ಆಗಿದೆ: ರಿವರ್‌ವುಡ್‌ನ ಕಮಿಲಾ ಅಂಗಡಿಯಿಂದ ಸೇತುವೆಯ ತನಕ ಜೊತೆಯಲ್ಲೇ ನಡೆದು ಬಂದು, ಬ್ಲೀಕ್ ಫಾಲ್ಸ್‌ಗೆ ದಾರಿ ತೋರಿಸಿ ಹಿಂತಿರುಗುತ್ತಾಳೆ. ನೀವೂ ಆ ಬೆಟ್ಟವನ್ನು ಮರೆತಿರಲಿಕ್ಕಿಲ್ಲ.

ಮೊರೊವಿಂಡ್ ಆಡುವುದಾದರೆ, ಅದನ್ನು ಓಡಿಸಲೆಂದೇ ಇರುವ ಓಪನ್‌ಎಂಡಬ್ಲ್ಯೂ ಎಂಬ ತಂತ್ರಾಂಶ ಹಾಕಿಕೊಂಡು ಆಡಿ. ಮೂಲ ಆಟ ಕೊಂಡಿರಬೇಕು, ಈಗಿನ ಕಂಪ್ಯೂಟರ್‌ನಲ್ಲಿ ಸಲೀಸಾಗಿ ಓಡುತ್ತದೆ. ಒಂದೇ ಆಯುಧ ಆರಿಸಿಕೊಂಡು ಅದನ್ನೇ ಪಳಗಿಸಿ. ಹೊಡೆದಾಟಕ್ಕೆ ಮುಂಚೆ ಓಡಬೇಡಿ. ಬಾಲ್ಮೊರಾಕ್ಕೆ ಮೊದಲ ಸಲ ಆ ಕೀಟ ಹತ್ತದೆ ನಡೆದೇ ಹೋಗಿ. ಸೇಡಾ ನೀನ್ ದಾಟುತ್ತಿದ್ದಂತೆ ಆಕಾಶದಿಂದ ಒಬ್ಬ ಕಿರುಚುತ್ತಾ ಬಿದ್ದು ಸಾಯುತ್ತಾನೆ. ಅವನ ಜೇಬಲ್ಲಿ ಮೂರು ಹಾಳೆ ಇವೆ, ಓದಿದರೆ ಮೈಲಿಗಟ್ಟಲೆ ಎತ್ತರಕ್ಕೆ ಜಿಗಿಯಬಹುದು. ಇಳಿಯುವ ಉಪಾಯವೂ ಅವುಗಳಲ್ಲೇ ಇದೆ, ಅದನ್ನು ನಾನು ಹೇಳುವುದಿಲ್ಲ. ಜಿಗಿಯುವ ಮುಂಚೆ ಸೇವ್ ಮಾಡಿಕೊಳ್ಳಿ.